ಕೊಲ್ಲುವ ಮೊದಲು ಹೆಸರು ಕೇಳು

ಮಗಾ,

ನಿನ್ನೆ ನೀನು ಹ್ಯೂಸ್ಟನ್ನಿನಿಂದ ಕಳಿಸಿದ ಫೋಟೋವನ್ನು ಹತ್ತು ಸಲವಾದರೂ ನೋಡಿದೆ. ಕಲ್ಲಿನ ಸಂದಿಯಿಂದ ಹೊರಗೆ ಚಾಚಿದ ಹುಳು, ಮೈಯ ಎರಡೂ ಅಂಚಿಗೆ ಬಿಳಿ ರೋಮದ ಸಾಲು, ತಲೆ ಎಲ್ಲೋ ಕತ್ತಲೆಯಲ್ಲಿ. ಕೆಳಗೆ ನಿನ್ನದೊಂದೇ ಸಾಲು: ‘ದೊಡ್ಡಪ್ಪ, ಇದನ್ನ ಕೊಂದುಬಿಡ್ಲಾ?’

ಬೇಡ. ಇವತ್ತಂತೂ ಬೇಡ. ಮುಂದೆ ಕೊಲ್ಲಬೇಕಾಗಿ ಬಂದರೂ ಬರಬಹುದು, ಆದರೆ ಅದು ಯಾರೆಂದು ತಿಳಿದ ಮೇಲೆ. ನಮ್ಮಲ್ಲೀಗ ಆಷಾಢದ ಮಳೆ ಹಿಡಿದಿದೆ. ಜೂನ್ 1ರಿಂದ 61 ದಿನ ಟ್ರಾಲಿಂಗ್ ನಿಷೇಧ, ಬೋಟುಗಳೆಲ್ಲ ಗಂಗೊಳ್ಳಿ ಬಂದರಿನಲ್ಲಿ ಒಂದಕ್ಕೊಂದು ಆತು ನಿಂತಿವೆ. ನನಗೂ ಹೊರಗೆ ಹೋಗುವಂತಿಲ್ಲ. ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಇದಲ್ಲವಾದ್ದರಿಂದ ಕೂತು ಬರೆಯುತ್ತಿದ್ದೇನೆ.

ನಿನ್ನ ಕಡಲನೀರಿನ ಅಕ್ವೇರಿಯಂಗೆ ನೀನು ತರಿಸಿದ್ದು ಮೆಕ್ಸಿಕೊ ಕೊಲ್ಲಿಯ ಲೈವ್ ರಾಕ್, ಅಂದರೆ ಜೀವಗಳು ನೆಲೆಸಿದ ಕಡಲ ಕಲ್ಲು, ಎಂದೆ. ಒಳ್ಳೆಯ ಆಯ್ಕೆ. ಅಲ್ಲಿನ ಫೆಡರಲ್ ಕಡಲಿನಲ್ಲಿ ತಾನಾಗಿ ಬೆಳೆದ ಕಲ್ಲನ್ನು ಕೀಳುವುದು 1997ರಿಂದಲೇ ನಿಂತುಹೋಗಿದೆ. ಈಗ ಸಿಗುವುದು ಸಾಕಿದ ಕಲ್ಲು: ಸುಣ್ಣಕಲ್ಲನ್ನು ಅನುಮತಿ ಪಡೆದ ಜಾಗದಲ್ಲಿ ಸಮುದ್ರದ ತಳಕ್ಕೆ ಇಳಿಸಿ, ಕೆಲವು ವರ್ಷ ಬಿಟ್ಟು ಮೇಲೆತ್ತಿ ಮಾರುತ್ತಾರೆ. ಅಷ್ಟರೊಳಗೆ ಆ ಕಲ್ಲಿನ ತೂತು ತೂತಿನಲ್ಲೂ ಒಂದೊಂದು ಸಂಸಾರ ಹೂಡಿರುತ್ತದೆ. ಇಂಥ ಕಲ್ಲಿನಿಂದಲೇ ಅಕ್ವೇರಿಯಂ ನಡೆಸುವ ತನ್ನ ಪದ್ಧತಿಯನ್ನು ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬಾತ 1961ರಲ್ಲಿ ಒಂದು ಮೀನು ಸಾಕಣೆಯ ಪತ್ರಿಕೆಯಲ್ಲಿ ಬರೆದ. ಸಮುದ್ರದ ಕಲ್ಲು, ಸಮುದ್ರದ ನೀರು, ಬಿಸಿಲು, ಸಣ್ಣಗೆ ಗಾಳಿಯ ಗುಳ್ಳೆ, ಇಷ್ಟರಲ್ಲೇ ಆತ ಹವಳ ಬದುಕಿಸಿದ್ದ. ಅವನ ಗುಟ್ಟೆಲ್ಲ ಕಲ್ಲಿನೊಳಗಿನ ಜೀವಗಳಲ್ಲಿತ್ತು. ಮೀನಿನ ಮೈಯಿಂದ ಬರುವ ಅಮೋನಿಯವನ್ನು ನೈಟ್ರೈಟು, ನೈಟ್ರೇಟು ಮಾಡುವ ಬ್ಯಾಕ್ಟೀರಿಯಾ ಹೊರಮೈಯಲ್ಲಿ, ಆ ನೈಟ್ರೇಟನ್ನು ಮತ್ತೆ ಗಾಳಿಗೆ ಬಿಡುವವು ಆಮ್ಲಜನಕ ತಲುಪದ ಒಳಗಿನ ಪದರದಲ್ಲಿ, ಉಳಿದ ಕಸ ಗುಡಿಸುವ ಹುಳು, ಸಿಗಡಿ, ಶಂಖದ ಮರಿಗಳು ಎಲ್ಲೆಲ್ಲೂ. ನೀನು ಡಾಲರ್ ಕೊಟ್ಟದ್ದು ಇವರಿಗೆ. ಇವರೊಂದಿಗೆ ನಾಲ್ಕು ಜನ ಪುಂಡರೂ ಬಂದಿರುತ್ತಾರೆ. ಇವರನ್ನೆಲ್ಲ ಒಟ್ಟಿಗೆ ಹಿಚ್‌ಹೈಕರ್ ಎನ್ನುತ್ತಾರೆ. ನನ್ನ ಬಾಯಲ್ಲಿ ಅವರು ಕರೆಯದೆ ಬಂದ ನೆಂಟರು.

ಹಿಂದೆ ಫ್ಲಾರಿಡಾದ ಟ್ಯಾಂಪಾದಲ್ಲಿದ್ದಾಗ ನನ್ನ 340 ಲೀಟರಿನ ಟ್ಯಾಂಕಿನಲ್ಲಿ ನಾನು ಮಾಡಿದ ಎರಡು ತಪ್ಪನ್ನು ನಿನಗೆ ಹೇಳಲೇಬೇಕು.

ಮೊದಲ ವರ್ಷ ಹುಳು ಕಂಡರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಮರುವಾಯಿ ಹೆಕ್ಕಿ, ಏಡಿ ಹಿಡಿದು ಬೆಳೆದವನು ನಾನು. ಆದರೂ ಮನೆಯ ಹಾಲಿನಲ್ಲಿ, ಗಾಜಿನ ಆಚೆ, ರಾತ್ರಿ ಹೊತ್ತು ಅದು ಕಾಲು ಬಡಿಯುತ್ತ ಹರಿಯುವುದನ್ನು ನೋಡಿದರೆ ತಡೆಯಲಾಗುತ್ತಿರಲಿಲ್ಲ. ಕೊಳವೆಯ ಬೋನಿನಲ್ಲಿ ಸಿಗಡಿಯ ಚೂರಿಟ್ಟು ಒಂದೇ ತಿಂಗಳಲ್ಲಿ ನಲವತ್ತಕ್ಕೂ ಹೆಚ್ಚು ಹಿಡಿದು ಎಸೆದೆ. ಕಲ್ಲಿನ ಕೆಳಗಿಂದ ಶ್ಯಾವಿಗೆಯ ಎಳೆಗಳ ಹಾಗೆ ಬಿಳಿ ದಾರಗಳು ಹೊರಬಂದು ಮರಳಿನ ಮೇಲೆ ತಡವುತ್ತಿದ್ದವು. ಅದು ಯಾವುದೋ ಪರಾವಲಂಬಿ ಎಂದುಕೊಂಡು ಚಿಮಟದಲ್ಲಿ ಎಳೆದೆಳೆದು ಕಿತ್ತೆ. ಅದಾಗಿ ಕೆಲವೇ ವಾರಕ್ಕೆ ದೊಡ್ಡದೊಂದು ಬಸವನಹುಳು ಕಲ್ಲಿನ ಹಿಂದೆ ಸತ್ತುಬಿತ್ತು. ನನಗೆ ಗೊತ್ತಾಗಲಿಲ್ಲ. ರಾತ್ರೋರಾತ್ರಿ ಹೆಣ ಮುಗಿಸುವವರನ್ನು ನಾನೇ ಹೊರಗೆ ಹಾಕಿದ್ದೆ. ಮೂರು ದಿನದಲ್ಲಿ ನೀರು ಮಬ್ಬಾಯಿತು, ಅಮೋನಿಯ ಏರಿತು, ಎರಡು ಮೀನು ಹೋದವು. ಆ ಶ್ಯಾವಿಗೆ ಎಳೆಗಳ ಒಡೆಯನೂ ಒಂದು ಹುಳುವೇ, ಮರಳಿನ ಮೇಲಿನ ಕಸವನ್ನು ಎಳೆಯಿಂದ ಎಳೆದು ಬಾಯಿಗೆ ಹಾಕಿಕೊಳ್ಳುವ ಸಾಧು ಎಂಬುದು ಆಮೇಲೆ ಪುಸ್ತಕ ನೋಡಿದಾಗ ತಿಳಿಯಿತು.

ಎರಡನೆಯ ತಪ್ಪು ಇದಕ್ಕೆ ತದ್ವಿರುದ್ಧ. ಕಲ್ಲಿನ ನೆತ್ತಿಯಲ್ಲಿ ಒಂದು ದಿನ ತೆಳುಗಂದು ಬಣ್ಣದ, ಗಾಜಿನಲ್ಲಿ ಮಾಡಿಟ್ಟಂಥ ಹೂವೊಂದು ಅರಳಿತು. ಚೂಪು ತುದಿಯ ಉದ್ದುದ್ದ ಎಸಳು, ನೀರಿನ ಸೆಳೆತಕ್ಕೆ ಬಳುಕುತ್ತಿತ್ತು. ನಿನ್ನ ದೊಡ್ಡಮ್ಮನನ್ನು ಅಡಿಗೆಮನೆಯಿಂದ ಕರೆದು ತೋರಿಸಿದೆ. ದಿನಾ ಸಿಗಡಿಯ ಪುಡಿ ತಿನ್ನಿಸಿದೆ. ಅದು ಏಪ್ಟೇಸಿಯಾ, ಗಾಜಿನ ಅನಿಮೋನ್. ಎಂಟು ತಿಂಗಳಲ್ಲಿ ಕಲ್ಲಿನ ತುಂಬ ಅದೇ. ಪಕ್ಕದ ಹವಳಗಳನ್ನು ಕುಟುಕಿ ಕುಟುಕಿ ಮುದುಡಿಸಿತು. ಆಗ ಸಿಟ್ಟಿನಲ್ಲಿ ಚಾಕು ಹಿಡಿದು ಕೆರೆದೆ. ಕುಂದಾಪುರದಲ್ಲಿ ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ದೇವಿಮಹಾತ್ಮೆ ಯಕ್ಷಗಾನದ ಆಟ ತೋರಿಸಿದ್ದು ನೆನಪಿದೆಯೇ? ರಕ್ತಬೀಜನ ಹನಿ ನೆಲಕ್ಕೆ ಬಿದ್ದಲ್ಲೆಲ್ಲ ಇನ್ನೊಬ್ಬ ರಕ್ತಬೀಜ. ಇದೂ ಹಾಗೆಯೇ. ಇದರ ಪಾದದ ಒಂದು ಚೂರು ಕಲ್ಲಿಗೆ ಅಂಟಿ ಉಳಿದರೆ ಸಾಕು, ಅದೇ ಪೂರ್ತಿ ಅನಿಮೋನ್ ಆಗಿ ಬೆಳೆಯುತ್ತದೆ. ಹವಳದ ಮೈಯಲ್ಲಿರುವಂಥದೇ ಪಾಚಿಯನ್ನು ಇದೂ ಒಳಗಿಟ್ಟುಕೊಂಡು ಸಾಕುತ್ತದೆ, ಸುಲಭಕ್ಕೆ ಸಾಯುವುದಿಲ್ಲ. ಆ ಕಾರಣಕ್ಕೇ ಹವಳ ಮತ್ತು ಪಾಚಿಯ ನಂಟನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಇದನ್ನೇ ಬೆಳೆಸುತ್ತಾರೆ. ನಿನ್ನಲ್ಲಿ ಕಂಡರೆ ಚಾಕು ಮುಟ್ಟಬೇಡ. ಒಂದೆರಡಿದ್ದರೆ ಸುಣ್ಣದ ದಪ್ಪ ಸರಿಯನ್ನು ಸಿರಿಂಜಿನಲ್ಲಿ ಅದರ ಬಾಯಿಗೇ ತುಂಬು. ಹೆಚ್ಚಿದ್ದರೆ ಬರ್ಗಿಯಾ ಎಂಬ ಚಿಪ್ಪಿಲ್ಲದ ಪುಟ್ಟ ಕಡಲ ಬಸವನಹುಳುವನ್ನು ತಂದು ಬಿಡು. ಅದು ತಿನ್ನುವುದು ಏಪ್ಟೇಸಿಯಾ ಒಂದನ್ನೇ. ಊಟ ಮುಗಿದ ದಿನ ಅದರ ಆಯುಸ್ಸೂ ಮುಗಿಯುವುದರಿಂದ, ಕೆಲಸವಾದ ಕೂಡಲೇ ಏಪ್ಟೇಸಿಯಾದಿಂದ ಕಷ್ಟಪಡುತ್ತಿರುವ ಇನ್ನೊಬ್ಬರಿಗೆ ದಾಟಿಸಿಬಿಡು.

ನೋಡು, ಅಸಹ್ಯಪಟ್ಟು ಕೊಂದೆ, ಚಂದ ಕಂಡು ಸಾಕಿದೆ. ಎರಡೂ ಸಲ ನಾನು ಪ್ರಾಣಿಯನ್ನು ನೋಡಿರಲೇ ಇಲ್ಲ, ನನ್ನ ಮನಸ್ಸಿಗೆ ಏನನ್ನಿಸಿತೋ ಅದನ್ನಷ್ಟೇ ನೋಡಿದ್ದೆ. ನಿನಗೆ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಅಭ್ಯಾಸ.

ಹಾಗಾದರೆ ನೋಡುವುದು ಹೇಗೆ? ಟ್ಯಾಂಕಿನ ದೀಪ ಆರಿ ಎರಡು ಗಂಟೆಯಾಗಲಿ. ಟಾರ್ಚಿನ ಬಾಯಿಗೆ ಕೆಂಪು ಬಣ್ಣದ ಹಾಳೆ ಕಟ್ಟು. ಕೆಂಪು ಬೆಳಕು ಅಲ್ಲಿಯ ಹೆಚ್ಚಿನ ಪ್ರಾಣಿಗಳಿಗೆ ಸರಿಯಾಗಿ ಕಾಣುವುದಿಲ್ಲ, ಬೆದರದೆ ತಮ್ಮ ಪಾಡಿಗೆ ತಾವಿರುತ್ತವೆ. ಒಂದು ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತುಕೋ. ಮೊದಲ ಹತ್ತು ನಿಮಿಷ ಏನೂ ಕಾಣದು, ಎದ್ದುಹೋಗಬೇಡ. ಆಮೇಲೆ ಒಂದೊಂದಾಗಿ ಬರುತ್ತವೆ. ಕೈ ಹಾಕಬೇಡ. ಯಾವ ತೂತಿನಿಂದ ಬಂತು, ಏನು ತಿಂದಿತು, ನೆರಳು ಬಿದ್ದಾಗ ಸರ್ರನೆ ಒಳಗೆ ಹೋಯಿತೋ ನಿಧಾನವಾಗಿ ಸರಿಯಿತೋ, ಕಾಲೆಷ್ಟು, ಮೀಸೆಯೆಷ್ಟು, ಮೈ ಹೊಳೆಯುತ್ತದೆಯೋ ಇಲ್ಲವೋ, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆ. ಫೋಟೋ ತೆಗೆಯುವಾಗ ಫೋನನ್ನು ಗಾಜಿಗೆ ನೇರವಾಗಿ ಒತ್ತಿ ಹಿಡಿ, ಓರೆ ಹಿಡಿದರೆ ಎಲ್ಲ ಮಸುಕು. ಪಕ್ಕದಲ್ಲಿ ಗಾಜಿನ ಹೊರಗೆ ಒಂದು ಸ್ಕೇಲ್ ಇರಲಿ. ನಿನ್ನ ಫೋಟೋದಲ್ಲಿ ಅದು ಒಂದಂಗುಲದ್ದೋ ಒಂದಡಿಯದ್ದೋ ನನಗೆ ತಿಳಿಯಲಿಲ್ಲ. ಕಿವಿಯನ್ನೂ ತೆರೆದಿಡು. ಬೆಳಿಗ್ಗೆ ಎದ್ದು ಏನು ಕಡಿಮೆಯಾಗಿದೆ, ಎಲ್ಲಿ ಖಾಲಿ ಚಿಪ್ಪು ಬಿದ್ದಿದೆ ನೋಡು. ನಮ್ಮ ಗದ್ದೆಯಲ್ಲಿ ರಾತ್ರಿ ಬಂದದ್ದು ಹಂದಿಯೋ ಮುಳ್ಳುಹಂದಿಯೋ ಎಂದು ನಿನ್ನ ಅಜ್ಜ ಬೆಳಿಗ್ಗೆ ಹೆಜ್ಜೆ ನೋಡಿ ಹೇಳುತ್ತಿದ್ದರಲ್ಲ, ಅದೇ ವಿದ್ಯೆ ಇದು.

ಈಗ ನಿನ್ನ ಹುಳುವಿನ ವಿಷಯಕ್ಕೆ ಬರೋಣ. ಬಿಳಿ ರೋಮವಿರುವ ಹುಳುಗಳಲ್ಲಿ ಹೆಚ್ಚಿನವು ಕಸಗುಡಿಸುವವೇ. ಗುಲಾಬಿಯೋ ಕಂದೋ ಬಣ್ಣ, ಹೊಳಪಿಲ್ಲದ ಮೈ, ಸತ್ತದ್ದನ್ನು ಮಾತ್ರ ತಿನ್ನುವ ಸ್ವಭಾವ. ಇಂಥದಾದರೆ ಇರಲಿ ಬಿಡು. ಬರಿಗೈಯಲ್ಲಿ ಮಾತ್ರ ಮುಟ್ಟಬೇಡ. ಆ ರೋಮ ಗಾಜಿನ ನಾರಿನ ಹಾಗೆ ಚರ್ಮದೊಳಗೆ ಮುರಿದುಕೊಳ್ಳುತ್ತದೆ. ಚುಚ್ಚಿಕೊಂಡರೆ ಉಜ್ಜದೆ, ಅಂಟು ಟೇಪು ಒತ್ತಿ ಎಳೆ.

ನಿನ್ನ ಕಲ್ಲು ಮೆಕ್ಸಿಕೊ ಕೊಲ್ಲಿಯದ್ದಾದ್ದರಿಂದ ಒಂದು ಅನುಮಾನ ಇಟ್ಟುಕೊಳ್ಳಲೇಬೇಕು. ನಿಜವಾದ ಬೆಂಕಿಹುಳು, ಶಾಸ್ತ್ರದಲ್ಲಿ ಹೆರ್ಮೊಡೈಸ್ ಕ್ಯಾರಂಕ್ಯುಲೇಟಾ, ಆ ಕಡಲಿನದೇ. ಅದರ ಬಿಳಿ ರೋಮದ ಬುಡದಲ್ಲಿ ಕೆಂಪು ಕೆಂಪಾಗಿ ಕವಲೊಡೆದ ಕಿವಿರು ಇರುತ್ತದೆ. ತಲೆಯ ಮೇಲೆ ನೆರಿಗೆ ಹಿಡಿದ ಜುಟ್ಟಿನಂಥದೊಂದು ಇರುತ್ತದೆ. ಅದು ಹವಳದ ಕೊಂಬೆ ಹತ್ತಿ, ತುದಿಯನ್ನು ಬಾಯೊಳಗೆ ಇಳಿಸಿಕೊಂಡು ಮಾಂಸ ಹೀರಿ, ಬಿಳಿ ಎಲುಬು ಬಿಟ್ಟು ಇಳಿಯುತ್ತದೆ. ನಿನ್ನ ಹವಳದ ತುದಿಗಳು ಬೆಳಿಗ್ಗೆ ಬೆಳ್ಳಗಾಗಿದ್ದು, ಮೇಲೆ ಹೇಳಿದ ಎರಡು ಗುರುತೂ ಕಂಡರೆ ಆ ಹುಳುವನ್ನು ಹೊರಗೆ ಹಾಕು.

ಇನ್ನೊಂದು ಬಗೆ ಇದೆ. ಮೈ ಕಾಮನಬಿಲ್ಲಿನಂತೆ ಹೊಳೆಯುತ್ತದೆ, ತಲೆಯ ಮೇಲೆ 5 ಮೀಸೆ. ಈ ಐದರ ಲೆಕ್ಕವನ್ನು ಮರೆಯಬೇಡ, ಅದು ಯೂನಿಸ್ ಮನೆತನದ ಗುರುತು. ಆ ಮನೆತನದಲ್ಲಿ ಸಣ್ಣವರೂ ನಿರುಪದ್ರವಿಗಳೂ ಬೇಕಾದಷ್ಟಿದ್ದಾರೆ, ಆದರೆ ಹಾವಳಿಗೆ ಹೆಸರಾದ ಬಾಬಿಟ್ ಹುಳುವೂ ಅದೇ ಮನೆಯದು. ಇಂಗ್ಲೆಂಡಿನ ಕಾರ್ನ್‌ವಾಲಿನ ನ್ಯೂಕೀ ಊರಿನ ಅಕ್ವೇರಿಯಂನಲ್ಲಿ 2009ರಲ್ಲಿ ಹವಳಗಳು ತುಂಡಾಗತೊಡಗಿದವು, ಮೀನಿಗೆ ಗಾಯವಾಗತೊಡಗಿತು. ಬೋನು ಇಟ್ಟರೆ ಬೋನೇ ಹಾಳು. ಕೊನೆಗೆ ಕಲ್ಲನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದರೆ ನಾಲ್ಕಡಿ ಉದ್ದದ ಬಾಬಿಟ್ ಹುಳು ಹೊರಬಂತು. ಮರಿಯಾಗಿದ್ದಾಗ ಕಲ್ಲಿನೊಳಗೆ ಕೂತು ಬಂದದ್ದು, ಕಣ್ಣಿಗೆ ಬೀಳದೆ ಅಷ್ಟು ಬೆಳೆದಿತ್ತು. ಹೆದರಿಸಲು ಹೇಳುತ್ತಿಲ್ಲ. ಇಂಥದು ಅಪರೂಪ. ದಿನವೂ ನೋಡುವ ಕಣ್ಣಿರುವ ಅಂಥ ಕಡೆಯೇ ಅದು ಅಷ್ಟು ಕಾಲ ಅಡಗಿತ್ತು ಎಂದರೆ, ತಲೆ ಕಾಣುವವರೆಗೆ ಕಾಯುವುದು ಎಷ್ಟು ಮುಖ್ಯ ಯೋಚಿಸು.

ಮೊನ್ನೆ ಮಾತಾಡುವಾಗ ರಾತ್ರಿ ಟ್ಯಾಂಕಿನಿಂದ ‘ಟಕ್’ ಎಂಬ ಸದ್ದು ಬರುತ್ತದೆ, ಗಾಜು ಬಿರುಕು ಬಿಡುತ್ತಿದೆಯೇನೋ ಎಂದೆ. ಗಾಜಿಗೇನೂ ಆಗಿಲ್ಲ ಮಾರಾಯ. ಅದು ಪಿಸ್ತೂಲು ಸಿಗಡಿ ಇರಬೇಕು, ಇಲ್ಲವೇ ಮ್ಯಾಂಟಿಸ್ ಸಿಗಡಿ. ಒಂದು ಕೊಂಬು ಮೈಗೆ ಮೀರಿ ದಪ್ಪವಾಗಿದ್ದರೆ ಪಿಸ್ತೂಲು ಸಿಗಡಿ. ಕೊಂಬನ್ನು ಪಟ್ಟನೆ ಮುಚ್ಚಿದಾಗ ಹುಟ್ಟಿದ ಗುಳ್ಳೆ ಕುಸಿದು ಆ ಸದ್ದು ಬರುತ್ತದೆ. ಅದು ಸಾಮಾನ್ಯವಾಗಿ ಉಪದ್ರವವಿಲ್ಲದ್ದು, ಕೆಲವು ಜಾತಿಯವು ಗೋಬಿ ಮೀನಿನೊಂದಿಗೆ ಒಂದೇ ಬಿಲದಲ್ಲಿ ಸಂಸಾರ ಮಾಡುತ್ತವೆ: ಇವನು ಬಿಲ ತೋಡುತ್ತಾನೆ, ಮೀನು ಬಾಗಿಲು ಕಾಯುತ್ತದೆ. ಅದನ್ನು ನೋಡುತ್ತ ನಾನು ಊಟ ಮರೆತದ್ದುಂಟು. ಮ್ಯಾಂಟಿಸ್ ಬೇರೆ. ಗುಂಡಿಯಂಥ ಎರಡು ಕಣ್ಣು ಕಡ್ಡಿಯ ಮೇಲೆ ಕೂತು ಒಂದೊಂದು ಒಂದೊಂದು ಕಡೆ ತಿರುಗುತ್ತದೆ, ಎದೆಯ ಮುಂದೆ ಮುಂಗೈ ಮಡಚಿಕೊಂಡಿರುತ್ತದೆ. ನಮ್ಮ ಟ್ರಾಲ್ ಬೋಟಿನ ಬಲೆಯಲ್ಲಿ ಇದರ ಜಾತಿಯವು ರಾಶಿ ಬಿದ್ದು ಮೀನುಗೊಬ್ಬರಕ್ಕೆ ಹೋಗುವುದನ್ನು ಬಂದರಿನಲ್ಲಿ ನೀನೂ ನೋಡಿದ್ದೀಯ. ಕೆಲವು ಗುದ್ದುತ್ತವೆ, ಕೆಲವು ಈಟಿಯ ಹಾಗೆ ಇರಿಯುತ್ತವೆ. ಏಡಿ, ಶಂಖ, ಸಣ್ಣ ಮೀನು ಯಾವುದನ್ನೂ ಬಿಡವು. ಬೆರಳು ಸೀಳುವ ಶಕ್ತಿಯಿದೆ, ಜೋಕೆ.

ಇಂಥವನ್ನು ಹಿಡಿಯಲು ಆಯುಧ ಬೇಡ. ಮಲೆನಾಡಿನ ಕೂಳಿ ಗೊತ್ತಲ್ಲ, ಒಳಗೆ ಹೋದ ಮೀನು ಹೊರಗೆ ಬರಲಾಗದ ಹಾಗೆ ಹೆಣೆದದ್ದು. ಪ್ಲಾಸ್ಟಿಕ್ ಬಾಟಲಿಯ ಕೊರಳು ಕತ್ತರಿಸಿ, ತಿರುವಿ ಒಳಗೆ ತುರುಕಿದರೆ ಅದೇ ಕೂಳಿ. ಒಳಗೆ ಒಂದು ಚೂರು ಸಿಗಡಿ. ಅದಕ್ಕೂ ಬಗ್ಗದಿದ್ದರೆ ಆ ಒಂದು ಕಲ್ಲನ್ನು ಮಾತ್ರ ಹೊರಗೆತ್ತಿ ಬಕೆಟಿನ ಮೇಲೆ ಹಿಡಿದು, ತೂತಿಗೆ ಸಕ್ಕರೆಯಿಲ್ಲದ ಸೋಡಾ ನೀರು ಹನಿಸು, ಹೊರಗೆ ಧುಮುಕುತ್ತದೆ.

ಏಡಿ ಕಂಡರೆ ಕೊಂಬಿನ ತುದಿ ನೋಡು. ಚಮಚದ ಹಾಗೆ ಚಪ್ಪಟೆಯಾಗಿದ್ದರೆ ಪಾಚಿ ಕೆರೆಯುವವನು. ಹಸಿರು ಬಣ್ಣದ ಮಿಥ್ರಾಕ್ಸ್ ಗುಳ್ಳೆಪಾಚಿಯನ್ನೂ ತಿನ್ನುತ್ತಾನೆ. ತುದಿ ಕಪ್ಪಗೆ ಚೂಪಾಗಿ, ಕಾಲಿನ ತುಂಬ ಕೂದಲಿದ್ದರೆ ಮಾಂಸಾಹಾರಿ, ಸಣ್ಣವನಿದ್ದಾಗಲೇ ಹಿಡಿದುಬಿಡು. ಪೆಸಿಫಿಕ್ಕಿನ ಕಡೆಯ ಹವಳ ತಂದರೆ ಅದರ ಕೊಂಬೆಗಳ ನಡುವೆ ಬೆರಳುಗುರಿನಷ್ಟು ಏಡಿ ಕೂತಿರಬಹುದು. ಟ್ರಪೇಜಿಯಾ ಎಂದು ಹೆಸರು. ಹವಳ ತಿನ್ನಲು ಬರುವ ಮುಳ್ಳು ನಕ್ಷತ್ರಮೀನಿನ ಕಾಲನ್ನು ಕಚ್ಚಿ ಓಡಿಸುವ ಕಾವಲುಗಾರ ಅವನು. ಅವನನ್ನು ತೆಗೆಯುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಉಳಿದವರ ಬಗ್ಗೆ ಬೇಗ ಹೇಳುತ್ತೇನೆ. ಗಾಜಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಿಳಿ ಸುರುಳಿಗಳು ಎದ್ದರೆ ನೀರು ಸೋಸುವ ಹುಳುಗಳವು, ಕೆರೆಯಬೇಡ. ಅಂಗುಲಕ್ಕಿಂತ ಸಣ್ಣ ಗೊಂಡೆಹುಳುವಿನಂಥದು ಕಿವಿಯಾಕಾರದ ಚಿಪ್ಪು ಹೊತ್ತು ಓಡುತ್ತಿದ್ದರೆ ಸ್ಟೊಮಟೆಲ್ಲಾ. ಹಿಡಿದರೆ ಹಲ್ಲಿಯ ಹಾಗೆ ಬಾಲ ಕಳಚುತ್ತದೆ, ಪಾಚಿ ಮೇಯಲು ಅದರಷ್ಟು ಒಳ್ಳೆಯದಿಲ್ಲ. ಕಲ್ಲಿಗೆ ಅಂಟಿದ ಗಟ್ಟಿ ಕೊಳವೆಯಿಂದ ಜೇಡನ ಬಲೆಯಂಥ ಲೋಳೆ ತೇಲುತ್ತಿದ್ದರೆ ವರ್ಮೆಟಿಡ್ ಶಂಖ. ಹವಳಕ್ಕೆ ಕಿರಿಕಿರಿ, ಕೊಳವೆಯ ಬಾಯಿಗೆ ಅಂಟು ಹಾಕಿ ಮುಚ್ಚು. ತುಕ್ಕಿನ ಬಣ್ಣದ ಚಪ್ಪಟೆ ಹುಳುಗಳು ಸಾವಿರಗಟ್ಟಲೆ ಹಬ್ಬಿದರೆ ಔಷಧಿಗೆ ಮೊದಲು ಕೊಳವೆಯಲ್ಲಿ ಹೀರಿ ತೆಗೆ, ಒಟ್ಟಿಗೆ ಸತ್ತರೆ ಅವುಗಳ ವಿಷವೇ ಮೀನನ್ನು ಕೊಲ್ಲುತ್ತದೆ.

ಮುಂದಿನ ಮಾತನ್ನು ಮಾತ್ರ ಎರಡು ಸಲ ಓದು. ಕಲ್ಲಿನ ಮೇಲೆ ಚಾಪೆಯ ಹಾಗೆ ಹಬ್ಬಿದ, ಅಂಗಿಯ ಗುಂಡಿಯಂಥ, ಸುತ್ತ ಗಿಡ್ಡ ರೆಪ್ಪೆಯಿರುವ ಕಂದು ಜೀವಗಳು ಕಂಡರೆ ಅದು ಪ್ಯಾಲಿಥೋವಾ ಆಗಿರಬಹುದು. ಅವುಗಳಲ್ಲಿ ಕೆಲವಕ್ಕೆ ಪ್ಯಾಲಿಟಾಕ್ಸಿನ್ ಎಂಬ ವಿಷವಿದೆ. ಹವಾಯಿಯ ವಿಜ್ಞಾನಿಗಳು 1971ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. ಜಗತ್ತಿನ ಅತಿ ಘೋರ ವಿಷಗಳಲ್ಲಿ ಒಂದು, ಅದಕ್ಕೆ ಪ್ರತಿವಿಷವಿಲ್ಲ. ಬೇಡದ ಜೀವಗಳೆಲ್ಲ ಸಾಯಲಿ ಎಂದು ಕಲ್ಲನ್ನು ನೀರಿನಲ್ಲಿ ಕುದಿಸುವವರಿದ್ದಾರೆ. ಆ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ್ದುಂಟು. ಅಲಾಸ್ಕಾದ ಆಂಕರೇಜಿನಲ್ಲಿ 2012ರಿಂದ 2014ರ ನಡುವೆ ಅಂಗಡಿಯಲ್ಲಿ, ಮನೆಗಳಲ್ಲಿ ಇಂಥ ಜೀವಗಳಿಂದ ಜನ ಕಾಯಿಲೆ ಬಿದ್ದದ್ದನ್ನು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ದಾಖಲಿಸಿದೆ. ಕಲ್ಲನ್ನು ಕುದಿಸಬೇಡ, ಬಿಸಿನೀರು ಸುರಿಯಬೇಡ, ಹೊರಗೆ ತೆಗೆದು ಬ್ರಷ್ಷಿನಲ್ಲಿ ತಿಕ್ಕಬೇಡ. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡ. ಬಾಯಲ್ಲಿ ಲೋಹದ ರುಚಿ, ಜ್ವರ, ಎದೆ ಬಿಗಿತ ಬಂದರೆ ಮನೆಯಿಂದ ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೋಗಿ. ಅಲ್ಲಿ ಪ್ಯಾಲಿಟಾಕ್ಸಿನ್ ಎಂಬ ಹೆಸರನ್ನೇ ಹೇಳಬೇಕು, ಎಲ್ಲ ಡಾಕ್ಟರಿಗೂ ಇದು ತಟ್ಟನೆ ಹೊಳೆಯುವುದಿಲ್ಲ. ನಿನ್ನ ಹೆಂಡತಿಗೂ ಇದನ್ನು ಓದಿ ಹೇಳು. ಮಗು ತೆವಳುವ ಮನೆ ಅದು.

ಹೊರಗೆ ಹಾಕಬೇಕಾದವರನ್ನು ಏನು ಮಾಡುವುದೆಂದು ನೀನು ಕೇಳಿಯೇ ಕೇಳುತ್ತೀ. ನಿನ್ನ ಟ್ಯಾಂಕಿನ ಕೆಳಗೆ ನೀರು ಸೋಸುವ ಸಂಪ್ ಇದೆಯಲ್ಲ, ಅದರಲ್ಲಿ ಒಂದು ಮೂಲೆಗೆ ತಡಿಕೆ ಹಾಕಿ ಬಿಡು. ನನ್ನ ಸಂಪಿನಲ್ಲಿ ಒಂದು ಮ್ಯಾಂಟಿಸ್ 4 ವರ್ಷ ಬದುಕಿತ್ತು, ಕೊನೆಕೊನೆಗೆ ನನ್ನ ಹೆಜ್ಜೆಯ ಸದ್ದಿಗೆ ಬಾಗಿಲಿಗೆ ಬರುತ್ತಿತ್ತು. ಗ್ಯಾಲ್ವೆಸ್ಟನ್ ಹತ್ತಿರವಿದೆಯೆಂದು ಸಮುದ್ರಕ್ಕೆ ಮಾತ್ರ ಬಿಡಬೇಡ. ಕಲ್ಲು ಅಲ್ಲಿನದೇ ಇರಬಹುದು, ಆದರೆ ಟ್ಯಾಂಕಿನಲ್ಲಿ ಬೇರೆ ಕಡಲಿನ ರೋಗ, ಪಾಚಿ ಎಲ್ಲ ಸೇರಿಕೊಂಡಿರುತ್ತದೆ. ಫ್ಲಾರಿಡಾದ ಕರಾವಳಿಯಲ್ಲಿ 1985ರಲ್ಲಿ ಮೊದಲು ಕಂಡ ಸಿಂಹಮೀನು ಅಲ್ಲಿನದಲ್ಲ, ಪೆಸಿಫಿಕ್ ಕಡೆಯದು, ಅಕ್ವೇರಿಯಂನಿಂದ ಬಂದದ್ದೆಂದೇ ತಿಳಿದವರು ಹೇಳುತ್ತಾರೆ. ಇವತ್ತು ಕೆರಿಬಿಯನ್ ತುಂಬ, ನಿಮ್ಮ ಕೊಲ್ಲಿಯ ತುಂಬ ಅದೇ ಇದೆ, ಅಲ್ಲಿನ ಮರಿಮೀನುಗಳನ್ನು ಮುಕ್ಕುತ್ತಿದೆ.

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗೋಣ ಎಂದಿದ್ದೀಯ. ಖಂಡಿತ ಹೋಗೋಣ. ಅಲ್ಲಿನ ಹವಳದ ನಡುವೆ ಮುಖವಾಡ ಹಾಕಿ ತೇಲಿದರೆ ನೀನು ಗಾಜಿನಲ್ಲಿ ಕಾಣುವವರ ದಾಯಾದಿಗಳೆಲ್ಲ ಕಾಣುತ್ತಾರೆ. ಒಂದು ಬೆಣಚಿನಷ್ಟು ಕಲ್ಲನ್ನೂ ಜೇಬಿಗೆ ಹಾಕುವಂತಿಲ್ಲ. 2001ರಿಂದ ನಮ್ಮಲ್ಲಿ ಬಂಡೆ ಕಟ್ಟುವ ಹವಳಗಳಿಗೆಲ್ಲ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿ ರಕ್ಷಣೆಯಿದೆ, ಹುಲಿಗೆ ಇರುವಂಥದೇ.

ಇವತ್ತು ರಾತ್ರಿ ನಿನಗೆ ಕೆಲಸ ಇಷ್ಟೇ. ಆ ತೂತಿನಿಂದ ಒಂದು ಗೇಣು ದೂರದಲ್ಲಿ ಸಿಗಡಿಯ ಸಣ್ಣ ಚೂರಿಟ್ಟು, ಕೆಂಪು ಟಾರ್ಚು ಹಿಡಿದು ಕೂತುಕೋ. ಹುಳು ಪೂರ್ತಿ ಹೊರಗೆ ಬರಲಿ. ಮೀಸೆ ಎಣಿಸು. ರೋಮದ ಬುಡ ಕೆಂಪೋ ಅಲ್ಲವೋ ನೋಡು. ಸ್ಕೇಲ್ ಇಟ್ಟು ಫೋಟೋ ತೆಗೆ. ನಿನ್ನ ರಾತ್ರಿ ಹನ್ನೊಂದು ನನಗೆ ಬೆಳಿಗ್ಗೆ ಒಂಬತ್ತೂವರೆ. ಕನ್ನಡಕ ಹಾಕಿಕೊಂಡು ಫೋನ್ ಹತ್ತಿರವೇ ಇರುತ್ತೇನೆ.